ನೀರಿನ ಹತ್ತಿರದವಳು

ಊರಿಗೆಲ್ಲ ಚಿಕ್ಕಮ್ಮನಾದ ಪಾಶಾ ನಗರಕ್ಕೆ ಹೋಗಿಬಂದ ಮರುದಿನ ನಿಜ್ನಿ ಲೂಗ್ ಹಳ್ಳಿಯ ಅಂಗಡಿ ಮುಂದೆ ಬ್ರೆಡ್ಡಿಗಿಂತ ಮೊದಲು ಸುದ್ದಿ ಹಂಚಿಕೆಯಾಯಿತು. ತೆಪ್ಪದ ಕಪಿತೋನನ ಮಗಳು ರಿಮ್ಮಾ ನಗರದ ರಂಗಮಂದಿರದಲ್ಲಿ ಬ್ಯಾಲೆ ಕುಣಿಯುತ್ತಾಳೆ ಅನ್ನುವುದು ಶುದ್ಧ ಬುರುಡೆಯಂತೆ. ಪಾಶಾ ಸ್ವಂತ ಕಣ್ಣಿಂದ ನೋಡಿದ್ದಾಳೆ. ಕಣ್ಣು ಸಾಲದೆಂದು ಕೋಟು ಬಿಚ್ಚಿಡುವ ಕಡೆ ದುರ್ಬೀನನ್ನೂ ಬಾಡಿಗೆಗೆ ಇಸಿದುಕೊಂಡು, ಮೂರು ಅಂಕ ಕೂತು, ಒಬ್ಬೊಬ್ಬಳ ಮುಖವನ್ನೂ ಕಾಳು ಆರಿಸಿದಂತೆ ಆರಿಸಿ ನೋಡಿದ್ದಾಳೆ.

“ಎಲ್ಲರೂ ಇದ್ರು, ಅವಳೊಬ್ಬಳೇ ಇಲ್ಲ. ಅಚ್ಚಾಗಿರೋ ಹಾಳೇಲಿ ಹೆಸರೂ ಇಲ್ಲ,” ಎಂದಳು ಪಾಶಾ. “ನೆಲ ಒರೆಸ್ತಾಳೋ ಏನೋ ಪಾಪ. ಅದೂ ಕೆಲಸವೇ ಬಿಡಿ, ನಾನೇನು ಕೀಳಾಗಿ ನೋಡೋಳಲ್ಲ. ಆದ್ರೆ ಸುಳ್ಳ್ ಯಾಕೆ ಹೇಳ್ಬೇಕು?”

ಊರ ಬಾಯಿಗೆ ಮುಚ್ಚಳ ಹಾಕಿದವರುಂಟೇ? ಸುದ್ದಿ ಸಂಜೆಯೊಳಗೆ ನದಿ ದಂಡೆ ಮುಟ್ಟಿತು. ಕಪಿತೋನ್ ಲುಕಿಚ್ ಹಗ್ಗಕ್ಕೆ ಗಂಟು ಹಾಕುತ್ತಿದ್ದವನು ತಲೆ ಎತ್ತಲಿಲ್ಲ. “ನನ್ನ ಮಗಳು ಕುಣೀತೀನಿ ಅಂದಿದಾಳೆ, ಅಂದ್ಮೇಲೆ ಕುಣೀತಾಳೆ,” ಎಂದ. ಆದರೆ ಆವತ್ತಿನಿಂದ ಅವನು ಅಂಗಡಿಗೆ ಹೋಗುವುದು ಬಿಟ್ಟು ಸೊಸೆಯನ್ನು ಕಳಿಸತೊಡಗಿದ. ಆ ಸೊಸೆಯೇ ಕೆಲವು ವಾರಗಳ ಮೇಲೆ ಬಾಯಿತಪ್ಪಿ ರಿಮ್ಮಾಗೆ ಇದನ್ನೆಲ್ಲ ಹೇಳಿದ್ದು.

ಪಾಶಾ ಸುಳ್ಳು ಹೇಳಿರಲಿಲ್ಲ. ರಿಮ್ಮಾ ಸಹ ಹೇಳಿರಲಿಲ್ಲ. ಬ್ಯಾಲೆಯ ಗುಂಪಿನಲ್ಲಿ ಕುಳ್ಳಗಿರುವವರು ಮುಂದೆ, ಎತ್ತರದವರು ಹಿಂದೆ. ಅದು ಸೈನ್ಯದ ಕಾನೂನಿಗಿಂತ ಗಟ್ಟಿ. ರಂಗದ ಕಟ್ಟಕಡೆಗೆ ಪರದೆಯ ಮೇಲೆ ಕೆರೆಯ ಚಿತ್ರ ಬರೆದಿರುತ್ತಾರೆ. ಅದಕ್ಕೆ ಬೆನ್ನು ತಾಗಿಸಿ ನಿಲ್ಲುವ ಹುಡುಗಿಯರನ್ನು ‘ನೀರಿನ ಹತ್ತಿರದವರು’ ಅನ್ನುವುದು ರಂಗಮಂದಿರದವರ ರೂಢಿ. ಇನ್ನೂ ಒಂದು ಹೆಜ್ಜೆ ಹಿಂದಿಟ್ಟರೆ ಮುಳುಗಿದಂತೆಯೇ! ಅವರ ಮುಖಕ್ಕೆ ಬೆಳಕೂ ಬೀಳದು, ಹೆಸರೂ ಅಚ್ಚಾಗದು. ರಿಮ್ಮಾ ಕಪಿತೋನೊವ್ನಾ ಓಶ್ಚೆಪ್ಕೋವಾ ಶಾಲೆ ಮುಗಿಸಿ ಬಂದ ದಿನ ನೀರಿನ ಹತ್ತಿರ ನಿಂತಳು. ಹತ್ತೊಂಬತ್ತು ವರ್ಷ ಕಳೆದರೂ ಅಲ್ಲೇ ನಿಂತಿದ್ದಳು. ಇನ್ನೊಂದು ವರ್ಷ ಕಳೆದರೆ ನರ್ತಕಿಯರಿಗೆ ಸಿಗುವ ಪಿಂಚಣಿ, ಕಾಣಿಕೆಗೆ ಚಹಾ ಕಾಯಿಸುವ ಒಂದು ಸಮೋವರು, ಒಂದು ಭಾಷಣ. ಅಲ್ಲಿಗೆ ಮುಗಿಯಿತು.

ಅವಳು ಈ ಹಾದಿ ಹಿಡಿದದ್ದು ಯುದ್ಧದ ಕಾಲದಲ್ಲಿ. ತಾಯಿ ನಗರದ ಗಾಯಾಳುಗಳ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾಲ್ಕು ವರ್ಷದ ಮಗುವನ್ನು ಬಿಡಲು ಬೇರೆ ಜಾಗವಿಲ್ಲದೆ ಜೊತೆಯಲ್ಲೇ ಇಟ್ಟುಕೊಂಡಿದ್ದಳು. ಲೆನಿನ್‌ಗ್ರಾದಿನಿಂದ ತಪ್ಪಿಸಿಕೊಂಡು ಬಂದ ನರ್ತಕಿಯರು ಒಂದು ದಿನ ವಾರ್ಡಿಗೇ ಬಂದು ಮಂಚಗಳ ನಡುವೆ ಕುಣಿದರು. ಮಗು ಮಂಚದ ಕೆಳಗಿನಿಂದ ಬರೀ ಪಾದಗಳನ್ನು ನೋಡಿತು. ಅಷ್ಟೇ ಸಾಕಾಯಿತು.

ಬ್ಯಾಲೆ ಶಾಲೆಯವರು ಮೊದಲ ವರ್ಷ ಅವಳನ್ನು ವಾಪಸು ಕಳಿಸಿದರು. ಮುಂದಿನ ವರ್ಷ ಅವಳು ಮತ್ತೆ ಹೋಗಿ ಅದೇ ಬಾಗಿಲಲ್ಲಿ ನಿಂತಳು. ಲೆನಿನ್‌ಗ್ರಾದಿಗೆ ಹಿಂತಿರುಗದೆ ಇಲ್ಲೇ ಉಳಿದಿದ್ದ ಅವ್ಗುಸ್ತಾ ಲ್ವೊವ್ನಾ ಎಂಬ ಗುರು ಹುಡುಗಿಯ ಪಾದವನ್ನು ಕೈಯಲ್ಲಿ ಹಿಡಿದು, ಬಗ್ಗಿಸಿ, ತಿರುಗಿಸಿ, “ಪಾದ ಚೆನ್ನಾಗಿದೆ. ಆದ್ರೆ ಮೂಳೆ ನೋಡಿದ್ರೆ ಇವಳು ಕಂಬದ ಹಾಗೆ ಬೆಳೀತಾಳೆ,” ಎಂದಳು.

“ಬೆಳೆಯಲ್ಲ,” ಎಂದಳು ಹುಡುಗಿ, ಕಡ್ಡಿ ಮುರಿದಂತೆ.

ಬದುಕಿನಲ್ಲಿ ರಿಮ್ಮಾ ಕೊಟ್ಟು ಉಳಿಸಿಕೊಳ್ಳಲಾಗದ ಮಾತು ಅದೊಂದೇ. ಹದಿನಾರಕ್ಕೆಲ್ಲ ಅವಳ ಗದ್ದ ಗೆಳತಿಯರ ನೆತ್ತಿಯ ಮೇಲಿತ್ತು.

ಅಪ್ಪನಿಗೆ ಈ ಕುಣಿತದ ಉದ್ಯೋಗ ಮೊದಲಿಂದಲೂ ಅರ್ಥವಾಗಲಿಲ್ಲ. ಅವನು ಹುಡುಗಿಗೆ ಕಲಿಸಿದ್ದು ಬೇರೆ ವಿದ್ಯೆ: ವಸಂತದಲ್ಲಿ ಕಾಮಾ ನದಿಯ ಕೊಲ್ಲಿಯಲ್ಲಿ ತೇಲುವ ದಿಮ್ಮಿಗಳ ಮೇಲೆ ನಡೆಯುವುದು. “ಜಾರಿದ್ರೆ ಕೆಳಗೆ ನೋಡ್ಬೇಡ. ಸೊಂಟ ಗಟ್ಟಿಯಾಗಿ ಹಿಡ್ಕೊ, ಕಾಲು ತಾನೇ ದಾರಿಗೆ ಬರುತ್ತೆ,” ಅನ್ನುತ್ತಿದ್ದ. ಕಡಿದ ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿ ನದಿಯಲ್ಲಿ ತೇಲಿಸಿಕೊಂಡು ಹೋಗುವ ತೆಪ್ಪದ ತಲೆಯಲ್ಲಿ ನಿಂತು ದೊಡ್ಡ ಹುಟ್ಟು ಹಿಡಿಯುವವನು ಕಪಿತೋನ್. ಹಿಂದಿನವರೆಲ್ಲ ಅವನ ಬೆನ್ನು ನೋಡಿಕೊಂಡು ಹುಟ್ಟು ಹಾಕಬೇಕು. ತೆಪ್ಪ ದಡ ಮುಟ್ಟಿದ ಮೇಲೆ ಹೆಂಗಸರು ಇಡೀ ಮೀನನ್ನು ಹಿಟ್ಟಿನಲ್ಲಿ ಸುತ್ತಿ ಬೇಯಿಸಿದ ಪಿರೋಗ್ ತರುತ್ತಿದ್ದರು. ಅದರ ತಲೆಭಾಗದ ಮೊದಲ ತುಂಡು ಅವನಿಗೇ ಸಲ್ಲಬೇಕು. ಒಮ್ಮೆ ಜಿಲ್ಲೆಯ ಸಾಹೇಬನೊಬ್ಬ ಗೊತ್ತಿಲ್ಲದೆ ಅದಕ್ಕೆ ಕೈ ಹಾಕಿದಾಗ ತೆಪ್ಪದವರು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಿದ್ದರು. ಪುಟ್ಟ ರಿಮ್ಮಾ ಕೇಳಿದಾಗಲೂ ಕಪಿತೋನ್ ಕೊಟ್ಟಿರಲಿಲ್ಲ. “ಇದು ಮುಂದೆ ನಿಲ್ಲೋರಿಗೆ ಮಗಳೇ. ನಿಂಗೆ ಈ ಕಡೇದು,” ಎಂದು ಬಾಲದ ತುಂಡು ಕೊಟ್ಟಿದ್ದ. ಅವಳು ಅದನ್ನು ಮುಟ್ಟದೆ ಎದ್ದು ಹೋಗಿದ್ದಳು. ಹಟ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ.

ನಗರಕ್ಕೆ ಹೋಗಿ ಮಗಳನ್ನು ನೋಡಲು ಅವನಿಗೆ ಕೊನೆಗೂ ಆಗಲಿಲ್ಲ. ವಸಂತದಿಂದ ತೆಪ್ಪ, ಚಳಿಗಾಲದಲ್ಲಿ ಕಾಡು. ಆಮೇಲೆ ದಿಮ್ಮಿಯೊಂದು ಉರುಳಿ ಸೊಂಟ ನಜ್ಜಾಯಿತು; ದಿನವಿಡೀ ಬಸ್ಸಿನಲ್ಲಿ ಕೂರುವ ಹಾಗಿರಲಿಲ್ಲ. ಹೀಗಾಗಿ, ಆ ಜೂನ್ ತಿಂಗಳಲ್ಲಿ ರಂಗಮಂದಿರದವರು ದೊಡ್ಡ ದೋಣಿಯಲ್ಲಿ ಹೊರಟು ಮರ ಕಡಿಯುವ ಊರುಗಳಲ್ಲಿ ಆಟ ಆಡುತ್ತಾರೆ, ಅದರಲ್ಲಿ ನಿಜ್ನಿ ಲೂಗೂ ಒಂದು ಎಂದು ತಿಳಿದಾಗ ರಿಮ್ಮಾ ಅಂಚೆ ಕಚೇರಿಗೆ ಓಡಿ ಊರಿಗೆ ಫೋನ್ ಮಾಡಿದಳು.

“ಅಪ್ಪ, ನಮ್ಮೂರ ಕ್ಲಬ್ಬಿಗೇ ಬರ್ತಿದೀವಿ. ಬಂದು ಕೂತ್ಕೊ.”

ಆ ಕಡೆ ಕರಕರ ಸದ್ದು. ಆಮೇಲೆ ಅಪ್ಪನ ದನಿ: “ನೀನು ಕಾಣ್ತೀಯಾ?”

“ಕಾಣ್ತೀನಿ.”

“ಹಾಗಿದ್ರೆ ಪಾಶಾನ ಪಕ್ಕದಲ್ಲೇ ಕೂರ್ತೀನಿ,” ಎಂದ ಕಪಿತೋನ್.

ಮಾತು ಕೊಟ್ಟಾಗಿತ್ತು. ಆದರೆ ದೋಣಿ ನಿಜ್ನಿ ಲೂಗ್ ತಲುಪಿದ ಬೆಳಿಗ್ಗೆ, ತಂಡದ ಮುಖ್ಯಸ್ಥ ಗೆನ್ನಾದಿ ಅರ್ಕಾದ್ಯೆವಿಚ್ ಮುಂಚಿತವಾಗಿ ಹೋಗಿ, ಊರಿನ ಆಟ-ಸಭೆಗಳೆಲ್ಲ ನಡೆಯುವ ಆ ಕ್ಲಬ್ಬು ನೋಡಿಕೊಂಡು ಬಂದು, ಹಣೆ ಒರೆಸಿಕೊಂಡ.

“ಅದು ರಂಗ ಅಲ್ಲ ಮಾರಾಯ್ರೆ, ಊಟದ ಮೇಜು. ಇಪ್ಪತ್ನಾಲ್ಕು ಜನ ಹಿಡಿಯಲ್ಲ. ಹದಿನಾರೇ. ಹಿಂದಿನ ಸಾಲಿನೋರು ಇವತ್ತು ವಿಶ್ರಾಂತಿ ತಗೊಳ್ಳಿ.”

ಹಿಂದಿನ ಸಾಲು ಅಂದರೆ ನೀರಿನ ಹತ್ತಿರದವರು. ಉಳಿದ ಏಳು ಜನಕ್ಕೆ ಖುಷಿಯಾಯಿತು. ಬಿಸಿಲಿತ್ತು, ಮರಳಿನ ದಂಡೆಯಿತ್ತು. ಗೆನ್ನಾದಿ ಕೆಟ್ಟವನಲ್ಲ. ರಿಮ್ಮಾಳ ಮುಖ ನೋಡಿ ಸಮಾಧಾನ ಮಾಡಲು ಬಂದ. “ನಿಂಗೆ ಇದು ತವರು, ಅಲ್ವಾ? ಒಳ್ಳೇದೇ ಆಯ್ತು. ಅಪ್ಪನ ಪಕ್ಕ ಕೂತು ಆರಾಮಾಗಿ ಆಟ ನೋಡು.”

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು ಕೆಟ್ಟ ಮಾತಿಗಿಂತ ಆಳಕ್ಕೆ ಹೋಗುತ್ತದೆ. ಅಪ್ಪನ ಒಂದು ಪಕ್ಕ ಪಾಶಾ, ಇನ್ನೊಂದು ಪಕ್ಕ ತಾನು, ಎದುರಿಗೆ ಬೇರೆಯವರು ಕುಣಿಯುತ್ತಿರುವುದು! ರಿಮ್ಮಾ ಆ ಚಿತ್ರವನ್ನು ಒಮ್ಮೆ ಪೂರ್ತಿಯಾಗಿ ನೋಡಿಕೊಂಡಳು. ಆಮೇಲೆ ಚೀಲ ತೆಗೆದು, ಮೊನೆಗೆ ದಾರ ಹೆಣೆದು ಗಟ್ಟಿ ಮಾಡಿದ್ದ ತನ್ನ ಬ್ಯಾಲೆ ಬೂಟುಗಳನ್ನು ಹೊರತೆಗೆದು, ಯಾರೂ ಕರೆಯದಿದ್ದರೂ ತಾಲೀಮಿಗೆ ಹೊರಟಳು.

ಕ್ಲಬ್ಬಿನಲ್ಲಿ ಅವಳು ಮೂಲೆಯ ಬೆಂಚು ಹಿಡಿದು, ಕಾಲು ಸಡಿಲಿಸಿ, ಬೂಟು ಕಟ್ಟಿ ಕುಳಿತಳು. ರಂಗದ ಮೇಲೆ ನಡೆಯುತ್ತಿದ್ದದ್ದು ನೋಡುವಂತಿತ್ತು. ಅವರ ರಂಗಮಂದಿರದ ನೆಲ ಹಳೇ ಕಾಲದ್ದು, ಪ್ರೇಕ್ಷಕರ ಕಡೆಗೆ ಇಳಿಜಾರು. ಬಾಲ್ಯದಿಂದ ಆ ಇಳಿಜಾರಿನಲ್ಲೇ ಬೆಳೆದ ಮೈಗಳು ಭಾರವನ್ನು ಸದಾ ಒಂದಿಷ್ಟು ಹಿಂದಕ್ಕೆ ಹಿಡಿದು ನಿಲ್ಲುತ್ತವೆ. ಇಲ್ಲಿ ಮಟ್ಟಸ ನೆಲ. ಹದಿನಾರು ಹುಡುಗಿಯರು ಒಂಟಿ ಕಾಲಿನ ಮೇಲೆ ನಿಂತರೋ ಇಲ್ಲವೋ, ಹದಿನಾರೂ ಜನ ಹಬ್ಬದ ದಿನದ ಕುಡುಕರಂತೆ ಹಿಂದಕ್ಕೆ ವಾಲಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇವರ ಮಟ್ಟಿಗೆ ತಲೆಕೆಳಗು: ನೆಲ ಡೊಂಕಿಲ್ಲದೆ ಇವರಿಗೆ ಕುಣಿಯಲಾಗಲಿಲ್ಲ.

ಬೆಳಿಗ್ಗೆಯೆಲ್ಲ ಬೈಸಿಕೊಂಡು ಅದನ್ನು ಹೇಗೋ ಸರಿಮಾಡಿಕೊಂಡರು. ನಿಜವಾದ ಪೇಚು ಕೊನೆಯ ದೃಶ್ಯದ್ದು. ಆಟದ ಕಥೆಯಲ್ಲಿ ಕೆರೆಗೆ ಬಿದ್ದು ಸತ್ತ ಹುಡುಗಿಯರು ಬೆಳದಿಂಗಳಲ್ಲಿ ನೀರಿನಿಂದೆದ್ದು ಬಂದು ಕುಣಿಯುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಎಲ್ಲರೂ ಒಮ್ಮೆಗೇ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ, ಒಬ್ಬಳ ಹಿಂದೊಬ್ಬಳು ಹಲಗೆಯ ಏರು ಹತ್ತಿ ಕೆರೆಯ ಪರದೆಯ ಹಿಂದೆ ಮರೆಯಾಗಬೇಕು. ಬರುವಾಗ ಕೊನೆಯಲ್ಲಿದ್ದವಳು ಹೋಗುವಾಗ ಮೊದಲಿಗಳಾಗುತ್ತಾಳೆ. ಅಂದರೆ ನೀರಿಗೆ ಎಲ್ಲರಿಗಿಂತ ಹತ್ತಿರ ನಿಂತ ರಿಮ್ಮಾ. ಎಷ್ಟೋ ವರ್ಷಗಳಿಂದ ಆ ಸಾಲನ್ನು ಹತ್ತಿಸುತ್ತಿದ್ದವಳು ಅವಳು. ಹಿಂದಿನವರು ಸಂಗೀತವನ್ನು ಕೇಳುತ್ತಿರಲಿಲ್ಲ, ಅವಳ ಬೆನ್ನನ್ನು ನೋಡುತ್ತಿದ್ದರು. ಅವಳ ಮುಖ ಮಾತ್ರ ಆ ಹೊತ್ತಿನಲ್ಲಿ ಬರೆದ ಕೆರೆಗೆ ಬಿಟ್ಟರೆ ಬೇರಾರಿಗೂ ಕಂಡಿದ್ದಿಲ್ಲ.

ಇವತ್ತು ಆ ಜಾಗಕ್ಕೆ ತೋಮಾ ಎಂಬ ಹೊಸ ಹುಡುಗಿಯನ್ನು ನಿಲ್ಲಿಸಿದ್ದರು. ಊರಿನ ಬಡಗಿಗಳು ಏರನ್ನು ದಿಮ್ಮಿ ಹತ್ತಿಸುವ ಜಾರುಹಲಗೆಯಂತೆ ಕಡಿದಾಗಿ ಕಟ್ಟಿಬಿಟ್ಟಿದ್ದರು. ಮರ ಇನ್ನೂ ಹಸಿ, ಅಂಟು ವಾಸನೆ. ತೋಮಾ ಎರಡು ಹೆಜ್ಜೆ ಹತ್ತಿದವಳು ಮುಂದೆ ಯಾರೂ ಇಲ್ಲದ್ದು ಕಂಡು ಹೆದರಿ ಬಿರಬಿರನೆ ನಡೆದಳು. ಹಿಂದಿನವಳು ಅವಳನ್ನು ಹಿಡಿಯಲು ಓಡಿದಳು. ಅದರ ಹಿಂದಿನವಳು ಮುಗ್ಗರಿಸಿದಳು. ಎರಡನೇ ಸಲ ತೋಮಾ ಅರ್ಧದಲ್ಲಿ ನಿಂತು ತಿರುಗಿ ನೋಡಿದಳು. ಮೂರನೇ ಸಲ ಅಳು.

“ನಿಲ್ಸಿ!” ಎಂದು ಅವ್ಗುಸ್ತಾ ಲ್ವೊವ್ನಾ ಕೋಲು ಕುಟ್ಟಿದಳು. ಈಗ ತಂಡದ ತಾಲೀಮು ಮಾಡಿಸುವ ಮುದುಕಿಗೆ ಕಣ್ಣು ಅಷ್ಟಾಗಿ ಕಾಣದು. ಕೋಲಿನ ಸದ್ದಿಗೇನೂ ಕಮ್ಮಿಯಿಲ್ಲ. “ಸತ್ತೋರು ನೀರಿಗೆ ವಾಪಸ್ ಹೋಗ್ತಿದಾರೋ, ಬಸ್ಸು ತಪ್ಪಿಹೋಗುತ್ತೆ ಅಂತ ಓಡ್ತಿದಾರೋ?”

ರಿಮ್ಮಾ ಎದ್ದು ರಂಗದ ಅಂಚಿಗೆ ಬಂದಳು. “ಗೆನ್ನಾದಿ ಅರ್ಕಾದ್ಯೆವಿಚ್, ನಾನು ಹತ್ತಿಸ್ತೀನಿ.”

“ಎಲ್ಲಮ್ಮ ನಿಲ್ತೀಯ? ಜಾಗ ಎಲ್ಲಿದೆ?”

“ಏರಿನ ಬುಡದಲ್ಲಿ, ಆ ಬರೆದ ಜೊಂಡಿನ ಹಿಂದೆ ಬಗ್ಗಿ ಕೂತಿರ್ತೀನಿ. ಇವರು ತಿರುಗಿದಾಗ ಏಳ್ತೀನಿ, ಅಷ್ಟೆ. ಕುಣಿಯೋ ನೆಲದಲ್ಲಿ ಒಂದು ಗೇಣೂ ಬೇಡ ನಂಗೆ.”

“ಇಡೀ ಅಂಕ ಬಗ್ಗಿ ಕೂತ್ರೆ ಕಾಲು ಹಿಡ್ಕೊಂಡು ಬಿಡುತ್ತೆ.”

“ಬಿಡಲ್ಲ.”

“ನಿನ್ನ ಮುಖ ಯಾರಿಗೂ ಕಾಣಲ್ವಲ್ಲೇ.”

“ಗೊತ್ತು.”

“ಕೊನೇಲಿ ನಮಸ್ಕಾರಕ್ಕೂ ಬರೋ ಹಾಗಿಲ್ಲ. ಹದಿನಾರು ಜನ ನಿಂತ್ರೆ ಅಲ್ಲಿ ಸೊಳ್ಳೆಗೂ ಜಾಗ ಇರಲ್ಲ.”

ರಿಮ್ಮಾ ಬಗ್ಗಿ ಬೂಟಿನ ಪಟ್ಟಿ ಬಿಗಿದುಕೊಂಡಳು. ನಮಸ್ಕಾರದ ಹೊತ್ತಿಗಾದರೂ ಅಪ್ಪನಿಗೆ ಮುಖ ತೋರಿಸಬಹುದೆಂದು ಅವಳು ಒಳಗೊಳಗೇ ಅಂದುಕೊಂಡಿದ್ದಳು. “ಬರಲ್ಲ,” ಎಂದಳು.

ಗೆನ್ನಾದಿ ಇನ್ನೂ ಯೋಚಿಸುತ್ತಿದ್ದ. ಅವ್ಗುಸ್ತಾ ಲ್ವೊವ್ನಾ ಕೋಲಿನಿಂದ ಅವನ ಬೂಟು ತಟ್ಟಿದಳು. “ಇವಳು ಹತ್ತು ವರ್ಷದವಳಿದ್ದಾಗ ನಾನು ಬೇಡ ಅಂದು ನೋಡಿದೀನಿ, ಗೆನ್ನಾದಿ. ನೀನು ಯಾಕೆ ದಣೀತೀಯ?”

ರಿಮ್ಮಾ ಏರು ಹತ್ತಿದಳು, ಸಾಲು ಹಿಂದೆ ಬಂತು. ಒಂದೇ ಸಲ, ಸರಿಹೋಯಿತು. ತೋಮಾ ಎರಡನೆಯವಳಾಗಿ ನಿಂತು ಮೂಗು ಒರೆಸಿಕೊಂಡು, “ನಿಮ್ಮ ಬೆನ್ನು ಇದ್ರೆ ಏನೂ ಭಯ ಇಲ್ಲ ರಿಮ್ಮಕ್ಕ,” ಎಂದಳು.

ಅಪ್ಪನಿಗೆ ಹೇಳಿಕಳಿಸಬಹುದಿತ್ತು: ಕೊನೆಗೆ ನೋಡು, ಮೊದಲು ಹತ್ತುವವಳು ನಾನು ಅಂತ. ಅವಳು ಹೇಳಿಕಳಿಸಲಿಲ್ಲ. ಕುಣಿತ ಕಂಡರೆ ಕಾಣಲಿ, ಬೆರಳು ತೋರಿಸಿ ನಂಬಿಸುವಂಥದ್ದು ತನಗೆ ಬೇಡ ಅನ್ನಿಸಿತು. ಅದು ಸೊಕ್ಕು ಎಂದರೆ ಸೊಕ್ಕೇ. ಅದೊಂದನ್ನು ಬಿಟ್ಟರೆ ಅವಳ ಬಳಿ ಬೇರೆ ಆಸ್ತಿಯೇನೂ ಇರಲಿಲ್ಲ.

ಜೂನಿನಲ್ಲಿ ನಮ್ಮ ಕಡೆ ಸಂಜೆಗೆ ಕತ್ತಲೆಂಬುದೇ ಆಗುವುದಿಲ್ಲ. ಬೆಳದಿಂಗಳ ದೃಶ್ಯಕ್ಕೆ ಕತ್ತಲು ಬೇಕಲ್ಲ, ಊರಿನವರು ಮನೆಮನೆಯಿಂದ ರಜಾಯಿ ತಂದು ಕ್ಲಬ್ಬಿನ ಕಿಟಕಿಗಳಿಗೆ ಮೊಳೆ ಹೊಡೆದರು. ಒಳಗೆ ಸೆಕೆ, ಸೊಳ್ಳೆ, ಊರಿನವರು ನೀರು ತಾಗದಿರಲೆಂದು ಬೂಟಿಗೆ ಬಳಿದ ಡಾಂಬರಿನ ವಾಸನೆ. ಪರದೆ ಏಳುವ ಮುಂಚೆ ಅವ್ಗುಸ್ತಾ ಲ್ವೊವ್ನಾ ಜೊಂಡಿನ ಹಿಂದೆ ಬಗ್ಗಿ, ಬೇಟೆಗೆ ಹೊರಟವರಿಗೆ ದೃಷ್ಟಿ ತಾಗದಿರಲೆಂದು ಹೇಳುವ ಹಳೇ ಮಾತನ್ನೇ ಹೇಳಿದಳು: “ಒಂದು ಗರೀನೂ ಸಿಗದೆ ಹೋಗ್ಲಿ ನಿಂಗೆ.”

“ಹಾಳಾಗಿ ಹೋಗಿ ನೀವು,” ಎಂದಳು ರಿಮ್ಮಾ ಭಕ್ತಿಯಿಂದ. ಅದಕ್ಕೆ ಅದೇ ಉತ್ತರ.

ಜೊಂಡಿನ ಸಂದಿಯಿಂದ ಎರಡನೇ ಸಾಲು ನೇರವಾಗಿ ಕಾಣುತ್ತಿತ್ತು. ಕಪಿತೋನ್ ಲುಕಿಚ್ ಕ್ಷೌರ ಮಾಡಿಸಿಕೊಂಡು, ಮದುವೆಗೆ ಹಾಕುವ ಕೋಟು ಹಾಕಿಕೊಂಡು, ನಜ್ಜಾದ ಸೊಂಟವನ್ನು ಒಂದು ಕಡೆಗೆ ವಾಲಿಸಿ ಕೂತಿದ್ದ. ಪಕ್ಕದಲ್ಲಿ ಹೂವಿನ ಶಾಲು ಹೊದ್ದ ಪಾಶಾ. ಹಿಂದಿನ ಬೆಂಚಿನಲ್ಲಿ ಅವನ ಹಳೇ ತೆಪ್ಪದವರೆಲ್ಲ. ನೀರಿನ ಹುಡುಗಿಯರು ಬಂದು ಸಾಲಾಗಿ ನಿಂತಾಗ ಕಪಿತೋನ್ ಮುಂದಕ್ಕೆ ಬಾಗಿದ. ಅವನ ಕಣ್ಣು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು, ಒಂದೊಂದು ಮುಖಕ್ಕೂ ನಿಂತು ನಿಂತು. ಆ ತುದಿಯಿಂದ ಮತ್ತೆ ಈ ತುದಿಗೆ ಬಂತು. ಆಮೇಲೆ ಅವನು ಹಿಂದಕ್ಕೆ ಒರಗಿ, ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡ. ಪಾಶಾ ಅವನ ಕಿವಿಯ ಹತ್ತಿರ ಬಾಗಿ ಏನೋ ಅಂದಳು.

ರಿಮ್ಮಾಗೆ ಈಗಲೇ ಎದ್ದು ನಿಂತು ‘ಅಪ್ಪ, ಇಲ್ಲಿ’ ಅನ್ನಬೇಕೆನಿಸಿತು. ಅನ್ನಲಿಲ್ಲ. ತೊಡೆಯ ನರ ಹಿಡಿದುಕೊಳ್ಳತೊಡಗಿತು; ಮುಷ್ಟಿಯಿಂದ ಗುದ್ದಿ ಸಡಿಲ ಮಾಡಿಕೊಂಡಳು. ದೀಪ ಮಸುಕಾಗಿ, ಕೊಳಲು ಕೋಳಿಯ ಹಾಗೆ ಕೂಗಿತು. ಹುಡುಗಿಯರೆಲ್ಲ ತಿರುಗಿದರು.

ಅವಳು ಎದ್ದಳು. ಅಲ್ಲಿಂದ ಮುಂದೆ ಅಪ್ಪ ಅವಳಿಗೆ ಕಾಣಲಿಲ್ಲ. ಎದುರಿಗೆ ಹಸಿ ಹಲಗೆಯ ಏರು, ಅದರ ತುದಿಯಲ್ಲಿ ನೀಲಿ ಬಣ್ಣದ ಕೆರೆ. ಮೊದಲ ಹಲಗೆ. ಎರಡನೆಯದು. ಮೂರನೆಯದರ ಮೇಲೆ ಬೂಟಿನ ಮೊನೆ ಊರಿ ಭಾರ ಬಿಟ್ಟಾಗ, ಬೆಳಗಿನಿಂದ ಸೆಕೆಗೆ ಕರಗಿದ ಮರದ ಅಂಟು ಜಾರಿತು. ಪಾದ ಹೊರಗಡೆಗೆ ಹೋಯಿತು. ಕೆಳಗೆ ನೋಡಬೇಡ. ಅವಳು ನೋಡಲಿಲ್ಲ. ಸೊಂಟವನ್ನು ಇದ್ದಲ್ಲೇ ಹಿಡಿದಳು, ಕೈ ಒಂದು ಕೂದಲೆಳೆಯೂ ಕದಲಲಿಲ್ಲ. ಕಾಲು ತಾನೇ ಒಳಗೆ ಬಂತು, ಅದೇ ತಾಳಕ್ಕೆ. ಹಿಂದೆ ತೋಮಾಳ ಉಸಿರು ಸಮನಾಗಿ ಬರುತ್ತಿತ್ತು, ಅವಳ ಹಿಂದಿನವರದೂ. ನಾಲ್ಕನೆಯದು, ಐದನೆಯದು. ರಿಮ್ಮಾ ಇಡೀ ಸಾಲನ್ನು ಎಳೆದುಕೊಂಡು ಹೋಗಿ ಕೆರೆಯ ಹಿಂದೆ ಇಳಿದಳು.

ಚಪ್ಪಾಳೆ ಮೊದಲು ಮಳೆಯ ಹಾಗೆ, ಆಮೇಲೆ ಎಲ್ಲರೂ ಒಂದೇ ತಾಳಕ್ಕೆ. ಹದಿನಾರು ಹುಡುಗಿಯರು ನಮಸ್ಕಾರಕ್ಕೆ ಓಡಿದರು. ನಾಯಕಿಗೆ ಯಾರೋ ಹೂ ಕೊಟ್ಟರು. ರಿಮ್ಮಾ ಏರಿನ ಹಿಂದೆ ಒಂದು ವಾದ್ಯದ ಪೆಟ್ಟಿಗೆಯ ಮೇಲೆ ಕೂತು ಬೂಟಿನ ಪಟ್ಟಿ ಬಿಚ್ಚಿದಳು. ಹೆಬ್ಬೆರಳಿನಿಂದ ರಕ್ತ ಬಂದಿತ್ತು. ‘ಕಾಣ್ತೀನಿ’ ಅಂದಿದ್ದೆ, ಕಾಣಲಿಲ್ಲ ಅಂದುಕೊಂಡಳು. ಹೋಗಿ ಎದುರಿಗೆ ನಿಂತು ಅದನ್ನೇ ಹೇಳಬೇಕು. ಓಡಿಹೋಗುವವಳು ತಾನಲ್ಲ.

ಹೊರಗೆ ಇನ್ನೂ ಬೆಳಕಿತ್ತು. ಕ್ಲಬ್ಬಿನ ಮುಂದಿನ ದಿಮ್ಮಿಗಳ ಮೇಲೆ ತೆಪ್ಪದವರು ಕೂತಿದ್ದರು, ನಡುವೆ ಅಪ್ಪ. ಸೊಸೆ ತಂದಿಟ್ಟ ಮೀನಿನ ಪಿರೋಗ್ ಬಟ್ಟೆ ಮುಚ್ಚಿಕೊಂಡು ಅವನ ಪಕ್ಕದಲ್ಲಿತ್ತು. ಪಾಶಾ ನಿಂತೇ ಇದ್ದಳು.

“ನಾನೇನೂ ಹೇಳಲ್ಲಪ್ಪ,” ಅನ್ನುತ್ತಿದ್ದಳು ಪಾಶಾ. “ನೀನೇ ನೋಡ್ದಲ್ಲ ಕಪಿತೋನ್. ಅಷ್ಟು ಹತ್ತಿರ ಕೂತು ನೋಡಿದ್ವಿ. ಒಂದು ಮುಖಾನೂ ಬಿಡ್ಲಿಲ್ಲ.” ರಿಮ್ಮಾ ಬರುವುದು ಕಂಡು ದನಿ ಮೆತ್ತಗೆ ಮಾಡಿದಳು. “ಬಾರಮ್ಮ ಬಾ. ನೀನೂ ಒಳಗೇ ಇದ್ಯಾ?”

ಕಪಿತೋನ್ ಪಾಶಾಳ ಕಡೆ ತಿರುಗಲಿಲ್ಲ. ಮಗಳ ಕಾಲು ನೋಡಿದ.

“ಮೂರನೇ ಹಲಗೆ,” ಎಂದ.

ರಿಮ್ಮಾ ನಿಂತಲ್ಲೇ ನಿಂತಳು. “ಹೂಂ ಅಪ್ಪ.”

“ಹಸಿ ಮರ. ಅಂಟು ಬಿಟ್ಕೊಂಡಿತ್ತು.”

“ಹೌದು.”

“ಹಿಂದಿನೋರಿಗೆ ಗೊತ್ತಾಗ್ಲಿಲ್ಲ.”

“ಗೊತ್ತಾಗ್ಬಾರ್ದು.”

“ಗೊತ್ತಾಗ್ಬಾರ್ದು,” ಎಂದು ಕಪಿತೋನ್ ತಲೆದೂಗಿದ. ಹಿಂದೆ ಕೂತ ತೆಪ್ಪದವರೂ ಒಬ್ಬೊಬ್ಬರಾಗಿ ತಲೆದೂಗಿದರು.

“ಯಾವ ಹಲಗೆ? ಏನ್ ಮಾತಾಡ್ತಿದೀರಿ?” ಎಂದಳು ಪಾಶಾ. “ಅಯ್ಯೋ, ಆ ಮೊದಲು ಹತ್ತಿದೋಳಾ? ಅವಳ ಮುಖಾನೇ ಕಾಣ್ಲಿಲ್ವಲ್ಲ. ಯಾರೋ ಏನೋ!”

“ಪಾಶಾ,” ಎಂದ ಕಪಿತೋನ್, “ನಾನು ಮೂವತ್ತು ವರ್ಷ ತೆಪ್ಪದ ತಲೇಲಿ ನಿಂತಿದ್ದೆ. ಇವರನ್ನ ಕೇಳು, ಒಬ್ಬನಾದ್ರೂ ನನ್ನ ಮುಖ ನೋಡಿದ್ನಾ ಅಂತ.”

ತೆಪ್ಪದವರು ನಕ್ಕರು. ಪಾಶಾ ಶಾಲು ಸರಿಮಾಡಿಕೊಂಡು ದಿಮ್ಮಿಯ ತುದಿಯಲ್ಲಿ ಕೂತಳು.

ಕಪಿತೋನ್ ಪಿರೋಗಿನ ಮೇಲಿನ ಬಟ್ಟೆ ತೆಗೆದ. ಜೇಬಿನಿಂದ ಚಾಕು ತೆಗೆದು ತಲೆಭಾಗವನ್ನು ದೊಡ್ಡದಾಗಿ ಕತ್ತರಿಸಿದ. ಆ ತುಂಡು ಯಾರಿಗೆ ಸಲ್ಲುವುದೆಂದು ತೆಪ್ಪದವರಿಗೆಲ್ಲ ಗೊತ್ತಿತ್ತು. ಮುದುಕ ಸೊಂಟ ಹಿಡಿದುಕೊಂಡು ಎದ್ದು ನಿಂತು, ಅದನ್ನು ಎರಡೂ ಕೈಯಲ್ಲಿ ಮಗಳ ಮುಂದೆ ಹಿಡಿದ.

“ತಗೊ,” ಎಂದ. “ಮುಂದೆ ನಿಲ್ಲೋರದ್ದು.”

ಆಟದ ದಿನ ರಿಮ್ಮಾ ಒಂದು ತುತ್ತು ಬ್ರೆಡ್ಡನ್ನೂ ಮುಟ್ಟುವವಳಲ್ಲ. ಅವಳು ದಿಮ್ಮಿಯ ಮೇಲೆ ಅಪ್ಪನ ಪಕ್ಕ ಕೂತು, ಅಳುತ್ತಲೇ, ಕೊನೆಯ ಚೂರಿನವರೆಗೂ ತಿಂದಳು.